ಬಲಸಾಧನೆಯಲ್ಲಿ ವೇಗದ ಸ್ಥಾನ

ಹಳಗನ್ನಡ ಕಾವ್ಯವನ್ನೂ ಛಂದಸ್ಸನ್ನೂ ಪಾಠ ಹೇಳುವವನು ಅಂಗಸಾಧನೆಯ ವಿಷಯವಾಗಿ ಲೇಖನಿ ಹಿಡಿಯುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ವಿದ್ಯೆಯೆಂಬುದು ಪುಸ್ತಕದ ಎರಡು ರಟ್ಟುಗಳ ನಡುವೆ ಮುಗಿಯುವ ವಸ್ತುವಲ್ಲ. ನಮ್ಮ ಭಾಗದ ಒಕ್ಕಲು ಮನೆತನಗಳಿಂದ ಬರುವ ಹುಡುಗರಲ್ಲಿ ಅನೇಕರು ಶಾಲೆ ಮುಗಿಸಿದೊಡನೆ ಪೊಲೀಸ್ ಇಲಾಖೆಯ ಅಥವಾ ಸೈನ್ಯದ ನೇಮಕಾತಿಯ ಕಡೆಗೆ ಕಣ್ಣಿಟ್ಟಿರುತ್ತಾರೆ. ಅಲ್ಲಿ ಲಿಖಿತ ಪರೀಕ್ಷೆಯೊಂದೇ ಸಾಲದು. ಮೈಯೂ ಪರೀಕ್ಷೆಗೆ ನಿಲ್ಲಬೇಕು. ಕೆಲವು ಅಂಗುಲಗಳ ಕೊರತೆಯಿಂದ, ಕೆಲವು ಕ್ಷಣಗಳ ವಿಳಂಬದಿಂದ ಒಂದು ಮನೆತನದ ಅನ್ನದ ದಾರಿ ಮುಚ್ಚಿಹೋಗುವುದುಂಟು. ಆದುದರಿಂದಲೇ ಈ ವಿಷಯವು ಆಟದ ಬಯಲಿಗೆ ಮಾತ್ರ ಸಂಬಂಧಿಸಿದುದಲ್ಲ.

ಹುಡುಗರು ಕೇಳುವ ಪ್ರಶ್ನೆ ಇದು: ಭಾರವನ್ನೆತ್ತಿ ಬಲವನ್ನು ಬೆಳೆಸುವ ಅಭ್ಯಾಸದಲ್ಲಿ ವೇಗದ ಅಭ್ಯಾಸವನ್ನೂ ಸೇರಿಸಬೇಕೆ, ಬೇಡವೆ? ಒಂದು ಪಕ್ಷದವರು, “ಹಗುರವಾದುದನ್ನು ಬೇಗ ಬೇಗ ಎತ್ತಿದರೆ ಏನು ಬಂತು? ಬಲ ಬೆಳೆಯುವುದು ಭಾರದಿಂದಲೇ” ಎನ್ನುತ್ತಾರೆ. ಇನ್ನೊಂದು ಪಕ್ಷದವರು, “ಭಾರವನ್ನೇ ಎತ್ತುತ್ತ ಕುಳಿತರೆ ಮೈ ಜಡವಾಗುತ್ತದೆ, ಚುರುಕು ಹೋಗುತ್ತದೆ” ಎನ್ನುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ, ಎರಡೂ ಪೂರ್ಣಸತ್ಯವಲ್ಲ. ಇದನ್ನು ಕ್ರಮವಾಗಿ ವಿಚಾರಿಸೋಣ.

೧. ಶಬ್ದಾರ್ಥ ವಿಚಾರ

ಮೊದಲು ಶಬ್ದಗಳನ್ನು ಶುದ್ಧಿ ಮಾಡಿಕೊಳ್ಳಬೇಕು. ಬಲ, ಶಕ್ತಿ, ಸಾಮರ್ಥ್ಯ, ಕಸುವು, ತ್ರಾಣ ಎಂಬ ಮಾತುಗಳನ್ನು ಲೋಕರೂಢಿಯಲ್ಲಿ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆದರೆ ನಮ್ಮ ವಿಜ್ಞಾನದ ಪಠ್ಯಪುಸ್ತಕಗಳು ಇವುಗಳಿಗೆ ಬೇರೆ ಬೇರೆ ನೆಲೆಗಳನ್ನು ಗೊತ್ತುಮಾಡಿವೆ. ವಸ್ತುವನ್ನು ತಳ್ಳುವ ಅಥವಾ ಎಳೆಯುವ ಒತ್ತಡವು ಬಲ. ಬಲವು ವಸ್ತುವನ್ನು ಇಂತಿಷ್ಟು ದೂರ ಸರಿಸಿದರೆ ಅದು ಕೆಲಸ. ಆ ಕೆಲಸವನ್ನು ಎಷ್ಟು ಕಾಲದಲ್ಲಿ ಮಾಡಿದೆವೆಂಬುದರ ಅಳತೆಯೇ ಸಾಮರ್ಥ್ಯ.

ಉದಾಹರಣೆಗೆ, ೫೦ ಕಿಲೋಗ್ರಾಂ ತೂಕದ ತೊಗರಿಯ ಚೀಲವೊಂದನ್ನು ಇಬ್ಬರು ಹಮಾಲರು ನೆಲದಿಂದ ಒಂದು ಮೀಟರು ಎತ್ತರಕ್ಕೆ ಎತ್ತುತ್ತಾರೆಂದು ಇಟ್ಟುಕೊಳ್ಳೋಣ. ಇಬ್ಬರೂ ಮಾಡಿದ ಕೆಲಸ ಒಂದೇ: ಸುಮಾರು ೪೯೦ ಜೂಲ್. ಆದರೆ ಒಬ್ಬನು ಎರಡು ಸೆಕೆಂಡಿನಲ್ಲಿ ಎತ್ತಿದನು. ಅವನ ಸಾಮರ್ಥ್ಯ ೨೪೫ ವ್ಯಾಟ್. ಇನ್ನೊಬ್ಬನು ಒಂದೇ ಸೆಕೆಂಡಿನಲ್ಲಿ ಎತ್ತಿದನು. ಅವನ ಸಾಮರ್ಥ್ಯ ೪೯೦ ವ್ಯಾಟ್. ಚೀಲ ಒಂದೇ, ಎತ್ತರ ಒಂದೇ; ಕಾಲವು ಅರ್ಧವಾದುದರಿಂದ ಸಾಮರ್ಥ್ಯವು ಇಮ್ಮಡಿಯಾಯಿತು. ಬಲಕ್ಕೆ ವೇಗವು ಕೂಡಿದಾಗಲೇ ಸಾಮರ್ಥ್ಯವೆಂಬುದು ಈ ಲೆಕ್ಕದ ಸಾರ.

ಇದು ಛಂದಸ್ಸನ್ನು ಬಲ್ಲವರಿಗೆ ಹೊಸ ಮಾತಲ್ಲ. ಭಾರವೆಂಬ ಅರ್ಥದ ‘ಗುರು’ ಶಬ್ದವನ್ನೂ ಹಗುರವೆಂಬ ಅರ್ಥದ ‘ಲಘು’ ಶಬ್ದವನ್ನೂ ನಮ್ಮ ಲಾಕ್ಷಣಿಕರು ಕಾಲದ ಅಳತೆಗೆ ಬಳಸಿದರು. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು ಮಾತ್ರೆ. ಭಾರವಾದುದು ಹೆಚ್ಚು ಕಾಲವನ್ನು ಬೇಡುತ್ತದೆ ಎಂಬ ಅನುಭವವು ಆ ಹೆಸರುಗಳಲ್ಲಿಯೇ ಅಡಗಿದೆ. ನಮ್ಮ ನಗರದಲ್ಲಿ ದಿನವೂ ಉಚ್ಚರಿಸುವ ‘ಜಗತ್’ ಎಂಬ ಹೆಸರನ್ನೇ ನೋಡಿರಿ. ಬಡಾವಣೆಯ ಇತಿಹಾಸ ಬೇರೆ ಮಾತು. ಶಬ್ದವನ್ನಂತೂ ವೈಯಾಕರಣರು ಚಲನಾರ್ಥದ ‘ಗಮ್’ ಧಾತುವಿನಿಂದ ಸಾಧಿಸುತ್ತಾರೆ. ಚಲಿಸುವುದು ಯಾವುದೋ ಅದು ಜಗತ್ತು. ‘ಜಂಗಮ’ ಶಬ್ದವೂ ಅದೇ ಧಾತುವಿನ ಸಂತಾನ. ಚಲಿಸಲಾರದ ಬಲವು ಗೋದಾಮಿನಲ್ಲಿ ಬಿದ್ದ ಧಾನ್ಯದಂತೆ. ಇದೆ ನಿಜ, ಉಣ್ಣಲು ಬಾರದು.

೨. ಕಲ್ಯಾಣದ ಮಲ್ಲವಿದ್ಯೆ

ಈ ಚರ್ಚೆಯು ಪಶ್ಚಿಮದಿಂದ ಬಂದ ಹೊಸ ಸರಕೆಂದು ಯಾರೂ ಭಾವಿಸಬಾರದು. ಕಲಬುರಗಿಯಿಂದ ಕಮಲಾಪುರದ ಮೇಲೆ ಹಾಯ್ದು ಹುಮನಾಬಾದಿನ ಮಾರ್ಗವಾಗಿ ಮುಂದುವರಿದರೆ ಬಸವಕಲ್ಯಾಣವನ್ನು ಸೇರುತ್ತೇವೆ. ಚಾಲುಕ್ಯರ ರಾಜಧಾನಿಯಾಗಿದ್ದ ಆ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ವಿಶ್ವಕೋಶ ಸದೃಶವಾದ ಗ್ರಂಥವನ್ನು ರಚಿಸಿದನು. ಅದರ ಮಲ್ಲವಿನೋದ ಪ್ರಕರಣದಲ್ಲಿ ಜಟ್ಟಿಗಳ ವರ್ಗೀಕರಣ, ಆಹಾರ, ಪಟ್ಟುಗಳು, ಅಭ್ಯಾಸಕ್ರಮ ಇವೆಲ್ಲ ವಿವರಿಸಲ್ಪಟ್ಟಿವೆ.

ಅಲ್ಲಿ ಅಭ್ಯಾಸವನ್ನು ‘ಶ್ರಮ’ ಎಂದು ಕರೆದು ಭೇದಗಳನ್ನು ಹೇಳಿದೆ. ಭಾರವನ್ನು ಎತ್ತುವುದು ಭಾರಶ್ರಮ. ನಡೆದಾಡಿ ದಮ್ಮನ್ನು ಬೆಳೆಸುವುದು ಭ್ರಮಣಶ್ರಮ. ನೀರಿನಲ್ಲಿ ಈಜುವುದು ಸಲಿಲಶ್ರಮ. ತೋಳಿಗೆ ತೋಳು ಕೊಟ್ಟು ಸೆಣಸುವುದು ಬಾಹುಪೆಲ್ಲಣಕಶ್ರಮ. ಕಂಬದ ಮೇಲೆ ಮಾಡುವ ಸಾಧನೆ ಸ್ತಂಭಶ್ರಮ. ಭಾರವೊಂದನ್ನೇ ನಂಬಿ ಜಟ್ಟಿಯನ್ನು ತಯಾರಿಸಲಾಗದೆಂಬುದನ್ನು ಒಂಬತ್ತು ಶತಮಾನಗಳ ಹಿಂದೆಯೇ ನಮ್ಮ ನೆಲದ ದೊರೆ ಅರಿತಿದ್ದನು.

ನಮ್ಮ ಗರಡಿಮನೆಗಳ ಪದ್ಧತಿಯೂ ಈ ದಾರಿಯದೇ. ದಂಡ, ಬೈಠಕ್, ಗದೆ ತಿರುಗಿಸುವುದು, ಹಗ್ಗ ಹತ್ತುವುದು, ಮಟ್ಟಿಯ ಮಣ್ಣನ್ನು ಅಗೆದು ಹದ ಮಾಡುವುದು ಇವೆಲ್ಲ ಬಲಕ್ಕೂ ತಾಳಿಕೆಗೂ ಕಾರಣವಾದ ಸಾಮುಗಳು. ಆದರೆ ವಸ್ತಾದನು ಶಿಷ್ಯನನ್ನು ಅಷ್ಟಕ್ಕೇ ಬಿಡುತ್ತಿರಲಿಲ್ಲ. ಮಟ್ಟಿಗಿಳಿಸಿ ಜೋಡಿಯೊಡನೆ ಜೋರು ಮಾಡಿಸುತ್ತಿದ್ದನು. ಎದುರಾಳಿಯ ಕಾಲು ಸರಿಯುವ ಕ್ಷಣದಲ್ಲಿ ಪಟ್ಟು ಬೀಳಬೇಕು. ಒಂದು ಉಸಿರು ತಡವಾದರೆ ಅದೇ ಪಟ್ಟು ವ್ಯರ್ಥ. ಹೀಗೆ ವೇಗದ ಪಾಠವು ಗರಡಿಯಲ್ಲಿ ಬೇರೆ ಹೆಸರಿಲ್ಲದೆ ಜೋರಿನೊಳಗೆಯೇ ಇದ್ದಿತು. ಇಂದಿನ ಹುಡುಗನು ವ್ಯಾಯಾಮ ಶಾಲೆಗೆ ಹೋಗಿ ಕಬ್ಬಿಣವನ್ನು ಮಾತ್ರ ಎತ್ತಿ ಮನೆಗೆ ಬರುತ್ತಾನೆ. ಅವನಿಗೆ ಮಟ್ಟಿಯೂ ಇಲ್ಲ, ಜೋಡಿಯೂ ಇಲ್ಲ. ವೇಗವನ್ನು ಬೇರೆಯಾಗಿ ಸೇರಿಸಬೇಕೆ ಎಂಬ ಪ್ರಶ್ನೆ ಹುಟ್ಟಿದುದು ಈ ಕೊರತೆಯಿಂದಲೇ.

ಇನ್ನು ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಗುಂಡುಕಲ್ಲು, ಉಸುಕಿನ ಚೀಲಗಳನ್ನು ಎತ್ತುವ ಪಂದ್ಯಗಳಿವೆ. ಇಲ್ಲಿ ಕಲ್ಲು ಮೇಲೇರಿತೆ, ಇಲ್ಲವೆ ಎಂಬುದಷ್ಟೇ ಲೆಕ್ಕ. ಆದುದರಿಂದ ಎಲ್ಲ ಬಲಸಾಧಕರ ಅಗತ್ಯವೂ ಒಂದೇ ಅಲ್ಲವೆಂಬುದನ್ನು ಮೊದಲೇ ಮನಗಾಣಬೇಕು.

೩. ಸ್ನಾಯುವಿನ ಧರ್ಮ

ಸ್ನಾಯುವಿನ ಸ್ವಭಾವವನ್ನು ಕುರಿತು ಇಂಗ್ಲೆಂಡಿನ ವಿಜ್ಞಾನಿ ಎ. ವಿ. ಹಿಲ್ ಎಂಬವರು ೧೯೩೮ರಲ್ಲಿ ಒಂದು ಮಹತ್ವದ ನಿಯಮವನ್ನು ಪ್ರಕಟಿಸಿದರು. ಅದಕ್ಕೆ ಮುಂಚೆಯೇ, ೧೯೨೨ನೆಯ ವರ್ಷದ ನೊಬೆಲ್ ಪಾರಿತೋಷಕವನ್ನು ಸ್ನಾಯುಗಳ ಅಧ್ಯಯನಕ್ಕಾಗಿ ಪಡೆದವರು ಅವರು. ಕಪ್ಪೆಯ ಸ್ನಾಯುಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಅವರು ಕಂಡುದೇನೆಂದರೆ: ಸ್ನಾಯುವು ಸಂಕೋಚಗೊಳ್ಳುವ ವೇಗ ಹೆಚ್ಚಿದಂತೆ ಅದು ತೋರಬಲ್ಲ ಬಲವು ಕಡಿಮೆಯಾಗುತ್ತದೆ, ಭಾರವು ಹೆಚ್ಚಿದಂತೆ ವೇಗವು ಕುಂದುತ್ತದೆ. ಎರಡು ತುದಿಗಳಲ್ಲಿಯೂ ಸಾಮರ್ಥ್ಯವು ಅಲ್ಪ. ಪರಮಾವಧಿಯ ಸುಮಾರು ಮೂರನೆಯ ಒಂದು ಭಾಗದಷ್ಟು ಭಾರದಲ್ಲಿ ಪ್ರತ್ಯೇಕ ಸ್ನಾಯುವು ತನ್ನ ಅತ್ಯಧಿಕ ಸಾಮರ್ಥ್ಯವನ್ನು ತೋರುತ್ತದೆ.

ಎರಡನೆಯ ಸಂಗತಿ ನರಗಳಿಗೆ ಸಂಬಂಧಿಸಿದುದು. ಸ್ನಾಯುವಿನ ಎಳೆಗಳು ಗುಂಪುಗುಂಪಾಗಿ ನರಗಳ ಅಧೀನದಲ್ಲಿವೆ. ಹಗುರ ಕೆಲಸಕ್ಕೆ ಚಿಕ್ಕ ಗುಂಪುಗಳು ಮೊದಲು ಏಳುತ್ತವೆ. ಕೆಲಸವು ಭಾರವಾದಂತೆ ದೊಡ್ಡ ಗುಂಪುಗಳು ಕೂಡಿಕೊಳ್ಳುತ್ತವೆ. ಈ ದೊಡ್ಡ ಗುಂಪುಗಳೇ ಬೇಗ ಸಂಕೋಚಗೊಂಡು ಬೇಗ ದಣಿಯುವಂಥವು. ಇವನ್ನು ಎಬ್ಬಿಸುವ ಉಪಾಯಗಳು ಎರಡು: ಒಂದು, ಭಾರವಾದುದನ್ನು ಎತ್ತುವುದು, ಇನ್ನೊಂದು, ಹಗುರವಾದುದನ್ನೇ ಶಕ್ತಿಯಿದ್ದಷ್ಟು ವೇಗದಿಂದ ಎತ್ತುವುದು. ಆದುದರಿಂದ ವೇಗದ ಅಭ್ಯಾಸವು ಹಗುರವಾದರೂ ಹುಡುಗಾಟವಲ್ಲ.

ಮೂರನೆಯದು ಕಾಲದ ವಿಚಾರ. ಮನುಷ್ಯನು ತನ್ನ ಪೂರ್ಣಬಲವನ್ನು ಹೊರಹೊಮ್ಮಿಸಲು ಸೆಕೆಂಡಿನ ಹತ್ತರಲ್ಲಿ ಮೂರು ಭಾಗ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಆದರೆ ರಭಸದಿಂದ ಓಡುವವನ ಪಾದವು ನೆಲವನ್ನು ಮುಟ್ಟಿರುವುದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಉದ್ದ ಜಿಗಿತದಲ್ಲಿ ಹಲಗೆಯ ಮೇಲಿನ ಕಾಲವೂ ಅದಕ್ಕಿಂತ ಬಹಳ ಹೆಚ್ಚಿನದಲ್ಲ. ಅಂದರೆ ಬಲವೆಲ್ಲ ಹೊರಬರುವುದಕ್ಕೆ ಮೊದಲೇ ಕೆಲಸ ಮುಗಿದಿರುತ್ತದೆ. ಪೆಟ್ಟಿಗೆಯಲ್ಲಿ ಎಷ್ಟೇ ಹಣವಿದ್ದರೂ ಲಿಲಾವಿನ ಕೂಗು ಮುಗಿಯುವುದರೊಳಗೆ ಕೈಗೆ ಬಂದುದಷ್ಟೇ ಉಪಯೋಗಕ್ಕೆ ಬರುವಂತೆ ಇದು.

೪. ಯಾರಿಗೆ ಬೇಕು, ಯಾರಿಗೆ ಬೇಡ

ಈ ಮೂರು ಸಂಗತಿಗಳಿಂದ ನಿರ್ಣಯವು ಸುಲಭವಾಗುತ್ತದೆ.

ಮೊದಲನೆಯವನು ಹೊಸ ಸಾಧಕ. ಇವನಿಗೆ ವೇಗದ ಪ್ರತ್ಯೇಕ ಅಭ್ಯಾಸ ಬೇಡ. ಇವನಲ್ಲಿ ಬಲವೇ ಅಲ್ಪ; ಹಂಚಲು ಇರುವ ಗಂಟೇ ಚಿಕ್ಕದು. ಸರಿಯಾದ ಕ್ರಮದಲ್ಲಿ ಬೈಠಕ್ ಹೊಡೆಯುವುದನ್ನೂ ಬೆನ್ನನ್ನು ನೆಟ್ಟಗಿರಿಸಿ ನೆಲದಿಂದ ಭಾರವನ್ನೆತ್ತುವುದನ್ನೂ ಕಲಿಯಲಿ. ದುರ್ಬಲನಾದವನು ಕೇವಲ ಬಲವನ್ನು ಬೆಳೆಸಿಕೊಂಡರೂ ಅವನ ಜಿಗಿತವೂ ಓಟವೂ ಸುಧಾರಿಸುತ್ತವೆಂಬುದು ಪ್ರಯೋಗಗಳಿಂದ ತಿಳಿದ ಮಾತು. ಕಾಗುಣಿತ ಬಾರದವನಿಗೆ ಶೀಘ್ರಲಿಪಿಯನ್ನು ಕಲಿಸಲು ಹೊರಡುವುದು ವಿವೇಕವಲ್ಲ.

ಎರಡನೆಯವನು ಬಲವುಳ್ಳವನಾಗಿದ್ದು ಕುಸ್ತಿ, ಕಬಡ್ಡಿ, ಗುಂಡೆಸೆತ, ಜಿಗಿತಗಳಿಗೆ ಅಣಿಯಾಗುವವನು. ಇವನಿಗೆ ವೇಗದ ಅಭ್ಯಾಸವು ಅವಶ್ಯ. ನಮ್ಮ ನಾಡಿನ ಪೊಲೀಸ್ ಪೇದೆಗಳ ನೇಮಕಾತಿಗಳಲ್ಲಿ ಪುರುಷ ಅಭ್ಯರ್ಥಿಗಳಿಗೆ ಗೊತ್ತುಪಡಿಸಿದ ಪರೀಕ್ಷೆಗಳನ್ನೇ ನೋಡಿರಿ: ೧೬೦೦ ಮೀಟರು ಓಟ ೬ ನಿಮಿಷ ೩೦ ಸೆಕೆಂಡುಗಳಲ್ಲಿ, ಉದ್ದ ಜಿಗಿತ ೩.೮೦ ಮೀಟರು ಅಥವಾ ಎತ್ತರ ಜಿಗಿತ ೧.೨೦ ಮೀಟರು, ೭.೨೬ ಕಿಲೋಗ್ರಾಂ ಗುಂಡನ್ನು ೫.೬೦ ಮೀಟರು ಎಸೆಯುವುದು. ಮಹಿಳೆಯರಿಗೆ ೪೦೦ ಮೀಟರು ಓಟ ೨ ನಿಮಿಷಗಳಲ್ಲಿ, ೨.೫೦ ಮೀಟರು ಉದ್ದ ಜಿಗಿತ ಅಥವಾ ೦.೯೦ ಮೀಟರು ಎತ್ತರ ಜಿಗಿತ, ೪ ಕಿಲೋಗ್ರಾಂ ಗುಂಡನ್ನು ೩.೭೫ ಮೀಟರು ಎಸೆಯುವುದು. ಸೈನ್ಯದ ನೇಮಕಾತಿಯಲ್ಲಿ ೧.೬ ಕಿಲೋಮೀಟರು ಓಟದೊಡನೆ ಒಂಬತ್ತು ಅಡಿ ಅಗಲದ ಹಳ್ಳವನ್ನು ಹಾರುವ ಪರೀಕ್ಷೆಯೂ ಇದೆ. ಜಿಗಿತ ಮತ್ತು ಎಸೆತಗಳೆರಡೂ ಕ್ಷಣಮಾತ್ರದ ಕೆಲಸಗಳು. ಇಲ್ಲಿ ಬಲವು ವೇಗದೊಡನೆಯೇ ಬರಬೇಕು.

ಆದರೆ ಒಂದು ಎಚ್ಚರಿಕೆ. ೧೬೦೦ ಮೀಟರು ಓಟವು ಈ ಅಭ್ಯಾಸದಿಂದ ಸಾಧಿಸುವಂಥದಲ್ಲ. ಆ ಕಾಲಮಿತಿಯನ್ನು ಲೆಕ್ಕ ಹಾಕಿದರೆ ೪೦೦ ಮೀಟರಿನ ಪ್ರತಿಯೊಂದು ಸುತ್ತನ್ನೂ ೯೭ ಸೆಕೆಂಡುಗಳ ಆಸುಪಾಸಿನಲ್ಲಿ, ನಾಲ್ಕು ಸಲ ಬಿಡದೆ, ಓಡಬೇಕಾಗುತ್ತದೆ. ಇದಕ್ಕೆ ದಮ್ಮು ಬೇಕು; ದಮ್ಮು ಓಡಿಯೇ ಬರಬೇಕು. ಕಬ್ಬಿಣವನ್ನು ಬೇಗ ಎತ್ತಿದರೆ ಓಟ ತಾನೇ ಬರುವುದೆಂದು ನಂಬಿದವನು ಮೈದಾನದಲ್ಲಿ ಹಿಂದುಳಿಯುತ್ತಾನೆ.

ಮೂರನೆಯವನು ಭಾರವನ್ನೆತ್ತುವುದನ್ನೇ ಗುರಿಯಾಗಿ ಇಟ್ಟುಕೊಂಡವನು. ಇವರಲ್ಲಿಯೂ ಎರಡು ಪಂಗಡಗಳು. ಒಲಿಂಪಿಕ್ ಕ್ರೀಡೆಗಳಲ್ಲಿರುವ ಭಾರ ಎತ್ತುವ ಸ್ಪರ್ಧೆಯಲ್ಲಿ ಭಾರವನ್ನು ನೆಲದಿಂದ ಸೆಳೆದು ಅದರ ಕೆಳಗೆ ಮಿಂಚಿನಂತೆ ನುಗ್ಗಬೇಕು. ವೇಗವಿಲ್ಲದೆ ಅದು ಆಗಲಾರದು. ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿ ಅವರು ೨೦೧೮ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ೫೬ ಕಿಲೋಗ್ರಾಂ ವರ್ಗದಲ್ಲಿ ಮೊದಲ ವಿಧಾನದಲ್ಲಿ ೧೧೧, ಎರಡನೆಯದರಲ್ಲಿ ೧೩೮, ಒಟ್ಟು ೨೪೯ ಕಿಲೋಗ್ರಾಂ ಎತ್ತಿ ಬೆಳ್ಳಿಯ ಪದಕವನ್ನು ಗೆದ್ದರು. ೨೦೨೨ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ೬೧ ಕಿಲೋಗ್ರಾಂ ವರ್ಗದಲ್ಲಿ ಒಟ್ಟು ೨೬೯ ಕಿಲೋಗ್ರಾಂ ಎತ್ತಿ ಕಂಚನ್ನು ಪಡೆದರು. ಮೊದಲು ಕುಸ್ತಿಯತ್ತ ಒಲಿದಿದ್ದ ಅವರು ಕಾಲೇಜಿನ ದಿನಗಳಲ್ಲಿ ಈ ವಿದ್ಯೆಗೆ ತಿರುಗಿದವರು. ತನ್ನ ದೇಹಭಾರದ ಸುಮಾರು ಎರಡೂವರೆ ಪಟ್ಟು ಭಾರವು ತಲೆಯ ಮೇಲೆ ನಿಲ್ಲಬೇಕಾದರೆ ಬಲ, ವೇಗ, ಕೌಶಲ ಮೂರೂ ಏಕಕಾಲದಲ್ಲಿ ಕೂಡಬೇಕು.

ಪವರ್ ಲಿಫ್ಟಿಂಗ್ ಎಂಬ ಇನ್ನೊಂದು ಸ್ಪರ್ಧೆಯಲ್ಲಿಯೂ ನಮ್ಮ ಸಂಗ್ರಾಣಿ ಕಲ್ಲಿನಲ್ಲಿಯೂ ಭಾರವು ನಿಧಾನವಾಗಿ ಏರಿದರೂ ನಷ್ಟವಿಲ್ಲ. ಇಂಥವರಿಗೆ ವೇಗಕ್ಕೆಂದೇ ಒಂದು ದಿನವನ್ನು ಮೀಸಲಿಡಬೇಕೆ ಎಂಬುದರಲ್ಲಿ ಬಲ್ಲವರಲ್ಲಿ ಒಮ್ಮತವಿಲ್ಲ. ಅಮೆರಿಕದ ಲೂಯಿ ಸಿಮನ್ಸ್ ಎಂಬ ಶಿಕ್ಷಕರ ಪದ್ಧತಿಯಲ್ಲಿ ಅಂಥ ದಿನವುಂಟು. ಅದಿಲ್ಲದೆ ಬಲಿಷ್ಠರಾದವರೂ ಬಹುಮಂದಿ ಇದ್ದಾರೆ. ಎಲ್ಲರೂ ಒಪ್ಪಬಹುದಾದ ಮಾತು ಇಷ್ಟು: ಭಾರವು ಎಷ್ಟೇ ಇರಲಿ, ಅದನ್ನು ಕೆಳಗಿಳಿಸುವಾಗ ಹತೋಟಿಯಿರಲಿ, ಮೇಲೆತ್ತುವಾಗ ಆದಷ್ಟು ಬೇಗ ಎತ್ತುವ ಸಂಕಲ್ಪವಿರಲಿ. ಭಾರದಿಂದಾಗಿ ಚಲನೆ ನಿಧಾನವಾದರೂ ಆ ಸಂಕಲ್ಪವು ನರಗಳನ್ನು ಎಬ್ಬಿಸುತ್ತದೆ.

ನಾಲ್ಕನೆಯವರು ಎಳೆಯ ಮಕ್ಕಳು. ಲಗೋರಿ, ಖೋ ಖೋ, ಚಿಣಿಕೋಲು, ಕಬಡ್ಡಿಗಳೇ ಇವರ ವೇಗಾಭ್ಯಾಸ. ಇವರ ಕೈಗೆ ಭಾರವಾದ ಕಬ್ಬಿಣವನ್ನು ಕೊಟ್ಟು ಅವಸರಪಡಿಸುವ ಕಾರಣವಿಲ್ಲ.

ಐದನೆಯವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅರವತ್ತು ದಾಟಿದವರು. ವಯಸ್ಸಾದಂತೆ ಬಲಕ್ಕಿಂತ ಮೊದಲು, ಬಲಕ್ಕಿಂತ ಹೆಚ್ಚಾಗಿ ಕುಂದುವುದು ಸಾಮರ್ಥ್ಯ. ಎಡವಿದಾಗ ಕಾಲನ್ನು ಥಟ್ಟನೆ ಮುಂದಿಟ್ಟು ಸಾವರಿಸಿಕೊಳ್ಳುವವನು ಬೀಳುವುದಿಲ್ಲ. ಅಲ್ಲಿ ಬೇಕಾದುದು ಭಾರಿ ಬಲವಲ್ಲ, ಸಮಯಕ್ಕೆ ಒದಗುವ ಬಲ. ವೈದ್ಯರ ಸಮ್ಮತಿಯನ್ನು ಪಡೆದು, ಗಟ್ಟಿಯಾದ ಕುರ್ಚಿಯಿಂದ ಕೊಂಚ ಚುರುಕಾಗಿ ಎದ್ದು ನಿಧಾನವಾಗಿ ಕುಳಿತುಕೊಳ್ಳುವುದನ್ನು ಏಳೆಂಟು ಸಲ ಮಾಡುವುದು ಇವರಿಗೆ ಯೋಗ್ಯವಾದ ವೇಗಾಭ್ಯಾಸ.

೫. ಅಭ್ಯಾಸದ ಕ್ರಮ

ಬೇಕೆಂದು ನಿರ್ಣಯವಾದ ಮೇಲೆ ಮಾಡುವ ವಿಧಾನವನ್ನು ತಿಳಿಯಬೇಕು. ವೇಗ ಬೇರೆ, ಅವಸರ ಬೇರೆ. ವೇಗದಲ್ಲಿ ಕ್ರಮವು ಕೆಡುವುದಿಲ್ಲ. ಅವಸರದಲ್ಲಿ ಮೊದಲು ಕೆಡುವುದೇ ಕ್ರಮ. ಬೆನ್ನು ಬಾಗಿ, ಮೊಣಕಾಲು ಒಳಗೆ ಸರಿದು, ಭಾರವನ್ನು ಜಗ್ಗಿ ಎತ್ತುವುದು ವೇಗಾಭ್ಯಾಸವಲ್ಲ, ನೋವಿಗೆ ಕೊಟ್ಟ ಆಹ್ವಾನ.

ವಾರಕ್ಕೆ ಎರಡು ದಿನ ಸಾಕು. ಮೈ ಬಿಸಿಯಾದ ಮೇಲೆ, ದಣಿವಾಗುವುದಕ್ಕೆ ಮುಂಚೆ, ಅಂದರೆ ಭಾರದ ಅಭ್ಯಾಸಕ್ಕಿಂತ ಮೊದಲು ಇದನ್ನು ಮಾಡಬೇಕು. ಒಮ್ಮೆ ಎತ್ತಬಲ್ಲ ಪರಮಾವಧಿ ಭಾರದ ಅರ್ಧದಷ್ಟನ್ನು ಇಟ್ಟುಕೊಳ್ಳುವುದು ವಿಹಿತ. ೮೦ ಕಿಲೋಗ್ರಾಂ ಹೊತ್ತು ಬೈಠಕ್ ಹೊಡೆಯಬಲ್ಲವನಿಗೆ ೪೦ ಕಿಲೋಗ್ರಾಂ. ಎರಡು ಅಥವಾ ಮೂರು ಸಲ ಮಾತ್ರ ಎತ್ತಿ, ಒಂದೆರಡು ನಿಮಿಷ ವಿಶ್ರಮಿಸಿ, ಹೀಗೆ ಐದಾರು ಆವೃತ್ತಿ ಮಾಡಬೇಕು. ವೇಗವು ಕುಂದಿದ ಕ್ಷಣದಲ್ಲಿ ನಿಲ್ಲಿಸಬೇಕು. ಬೆವರು ಸುರಿಸುವುದು ಇಲ್ಲಿ ಉದ್ದೇಶವಲ್ಲ. ಬೇಸಿಗೆಯಲ್ಲಿ ನಮ್ಮ ಕಲಬುರಗಿಯ ಬಿಸಿಲು ೪೦ ಡಿಗ್ರಿಯನ್ನು ದಾಟುವುದರಿಂದ ಮುಂಜಾವಿನ ತಂಪು ಹೊತ್ತೇ ಪ್ರಶಸ್ತ.

ಇನ್ನೊಂದು ಸೂಕ್ಷ್ಮವಿದೆ. ಕೈಯಲ್ಲಿ ಹಿಡಿದ ಹಗುರ ಭಾರವನ್ನು ವೇಗವಾಗಿ ಎತ್ತಿದಾಗ, ಎತ್ತುವಿಕೆಯ ಕೊನೆಯಲ್ಲಿ ಅದನ್ನು ತಡೆಯಲೇಬೇಕಾಗುತ್ತದೆ. ಅರ್ಧ ಶ್ರಮ ವೇಗಕ್ಕೆ, ಅರ್ಧ ಶ್ರಮ ತಡೆಗೆ ಎಂಬಂತಾಗುತ್ತದೆ. ಹಾರುವುದರಲ್ಲಿ ಮತ್ತು ಎಸೆಯುವುದರಲ್ಲಿ ಈ ತಡೆಯಿಲ್ಲ; ಮೈಯೇ ಮೇಲೇರುತ್ತದೆ, ಗುಂಡೇ ಕೈ ಬಿಟ್ಟು ಹೋಗುತ್ತದೆ. ಆದುದರಿಂದ ನಿಂತಲ್ಲಿಂದ ಉದ್ದ ಜಿಗಿಯುವುದು, ಉಸುಕು ತುಂಬಿದ ಚೆಂಡನ್ನು ಎರಡು ಕೈಗಳಿಂದ ಎಸೆಯುವುದು, ೩೦ ಮೀಟರಿನ ರಭಸದ ಓಟ ಇವು ಶಾಲೆಯ ಮಕ್ಕಳಿಗೆ ಕಬ್ಬಿಣಕ್ಕಿಂತ ಉತ್ತಮವಾದ ವೇಗಾಭ್ಯಾಸಗಳು.

೬. ಉಪಸಂಹಾರ

ಶಿಕ್ಷಕರಿಗೆ ಒಂದು ಸರಳವಾದ ಒರೆಗಲ್ಲನ್ನು ಸೂಚಿಸಬಹುದು. ಪ್ರತಿಯೊಬ್ಬ ವಿದ್ಯಾರ್ಥಿಯು ಎತ್ತುವ ಭಾರ, ನಿಂತಲ್ಲಿಂದ ಜಿಗಿಯುವ ಅಂತರ, ೩೦ ಮೀಟರು ಓಡುವ ಕಾಲ ಈ ಮೂರನ್ನು ತಿಂಗಳಿಗೊಮ್ಮೆ ಪುಸ್ತಕದಲ್ಲಿ ಬರೆದಿಡಲಿ. ಭಾರವೂ ಜಿಗಿತವೂ ಒಟ್ಟಿಗೆ ಏರುತ್ತಿದ್ದರೆ ಏನನ್ನೂ ಬದಲಿಸಬೇಕಿಲ್ಲ. ಭಾರವು ಏರುತ್ತಿದ್ದು ಜಿಗಿತವು ಎರಡು ಮೂರು ತಿಂಗಳು ಇದ್ದಲ್ಲಿಯೇ ನಿಂತರೆ ವೇಗವನ್ನು ಸೇರಿಸುವ ಕಾಲ ಬಂದಿತೆಂದು ತಿಳಿಯಬೇಕು. ಭಾರವೇ ಏರದಿದ್ದರೆ ಅಭ್ಯಾಸ, ಆಹಾರ, ನಿದ್ರೆಗಳನ್ನು ಮೊದಲು ವಿಚಾರಿಸಬೇಕು. ಅನುಮಾನಕ್ಕಿಂತ ಅಳತೆ ಮೇಲು.

ದಾನಿಗಳಲ್ಲಿಯೂ ಒಂದು ವಿನಂತಿ. ವ್ಯಾಯಾಮ ಶಾಲೆಯೆಂದೊಡನೆ ಹೊಳೆಯುವ ಯಂತ್ರಗಳ ಕಡೆಗೆ ಮನಸ್ಸು ಹರಿಯುವುದು ಸಹಜ. ಆದರೆ ಈ ವಿಚಾರದಿಂದ ಫಲಿಸುವುದು ಬೇರೆ. ಕಲ್ಲು ಮುಳ್ಳುಗಳಿಲ್ಲದ ಸಮತಟ್ಟಾದ ಓಟದ ದಾರಿ, ಮೆತ್ತನೆಯ ಉಸುಕು ತುಂಬಿದ ಜಿಗಿತದ ಹೊಂಡ, ಒಂದು ಗಟ್ಟಿ ಹಗ್ಗ, ಬೇರೆ ಬೇರೆ ತೂಕದ ಎರಡು ಗುಂಡುಗಳು, ಒಂದು ಅಳತೆ ಪಟ್ಟಿ, ಒಂದು ಓಟದ ಗಡಿಯಾರ, ಭಾರದ ಸರಳು ಒಂದು ಜೊತೆ, ಎಲ್ಲಕ್ಕಿಂತ ಮಿಗಿಲಾಗಿ ಕಣ್ಣಿಟ್ಟು ತಿದ್ದುವ ಒಬ್ಬ ಶಿಕ್ಷಕ ಇಷ್ಟಿದ್ದರೆ ಹಳ್ಳಿಯ ಹುಡುಗನೂ ಹುಡುಗಿಯೂ ಪರೀಕ್ಷೆಯ ಮೈದಾನದಲ್ಲಿ ತಲೆಯೆತ್ತಿ ನಿಲ್ಲಬಲ್ಲರು. ಇವುಗಳ ವೆಚ್ಚ ಅಲ್ಪ. ಫಲ ಅನೇಕ ಮನೆತನಗಳಿಗೆ.

ಒಟ್ಟಿನಲ್ಲಿ, ಬಲವು ಮೊದಲು, ವೇಗವು ಅನಂತರ. ಬಲವನ್ನು ಬಿಟ್ಟ ವೇಗವು ಬರಿಯ ಚಡಪಡಿಕೆ, ವೇಗವನ್ನು ಬಿಟ್ಟ ಬಲವು ಭಾರ ಹೊರುವುದಕ್ಕಷ್ಟೇ ಸಾಕು. ಯಾರಿಗೆ, ಯಾವಾಗ, ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡು ಅಭ್ಯಾಸವನ್ನು ಗೊತ್ತುಪಡಿಸಿದರೆ ಹುಡುಗರ ಶ್ರಮ ವ್ಯರ್ಥವಾಗದು. ನಮ್ಮ ದೈಹಿಕ ಶಿಕ್ಷಕರು ಈ ದಿಶೆಯಲ್ಲಿ ಆಲೋಚಿಸಲಿ, ಹಳೆಯ ವಿದ್ಯಾರ್ಥಿಗಳು ಅವರಿಗೆ ಹೆಗಲು ಕೊಡಲಿ ಎಂದು ಹಾರೈಸುತ್ತೇನೆ.